ರೈಜೆನ್ 5 1600 ಬದಲಿಸಬೇಕೇ, ಬೇಡವೇ? ಅಳೆದು ನೋಡಿ ಮಾಡಿದ ಕೆಲಸದ ದಾಖಲೆ

ಕೆಲಸ ಮುಗಿದಿದೆ, ಮೆಷಿನ್ ಚೆನ್ನಾಗಿ ಓಡುತ್ತಿದೆ. ವಿವರ ಮರೆಯುವ ಮೊದಲು ಎಲ್ಲವನ್ನೂ ಕ್ರಮವಾಗಿ ಬರೆದಿಡುತ್ತಿದ್ದೇನೆ. ಹಳೆಯ ಎಎಂ4 (ಎಎಂಡಿ ಪ್ರೊಸೆಸರ್ ಕೂರುವ ಸಾಕೆಟ್) ಬೋರ್ಡ್ ಇಟ್ಟುಕೊಂಡು, ಪ್ರೊಸೆಸರ್ ಒಂದನ್ನೇ ಬದಲಿಸಿದರೆ ಸಾಕಾ ಅಥವಾ ಎಲ್ಲವನ್ನೂ ಹೊಸದಾಗಿ ಕಟ್ಟಬೇಕಾ ಅಂತ ಲೆಕ್ಕ ಹಾಕುತ್ತಿರುವವರಿಗೆ ಇದು ಉಪಯೋಗಕ್ಕೆ ಬರುತ್ತದೆ. ಬೇರೆ ಬೋರ್ಡ್ ಇರುವವರೂ ಮೊದಲ ಮೂರು ಹಂತಗಳನ್ನು ಹಾಗೆಯೇ ಮಾಡಬಹುದು.

ಶುರುವಿನಲ್ಲಿ ಮೆಷಿನ್ ಹೀಗಿತ್ತು. ಪ್ರೊಸೆಸರ್ ರೈಜೆನ್ 5 1600, 2017ರದ್ದು: 6 ಕೋರ್, 12 ಥ್ರೆಡ್, ಮೂಲ ವೇಗ 3.2 ಗಿಗಾಹರ್ಟ್ಸ್, ಬೂಸ್ಟ್ 3.6. ಬಿ350 ಚಿಪ್‌ಸೆಟ್‌ನ ಮೈಕ್ರೋ ಎಟಿಎಕ್ಸ್ ಬೋರ್ಡ್, ನಾಲ್ಕು ರ್ಯಾಮ್ ಸ್ಲಾಟ್. 8 ಜಿಬಿಯ ಒಂದೇ ಡಿಡಿಆರ್4-3000 ಸ್ಟಿಕ್. ಗ್ರಾಫಿಕ್ಸ್ ಕಾರ್ಡ್ ಜಿಟಿಎಕ್ಸ್ 1660 ಸೂಪರ್, 500 ಜಿಬಿಯ ಸಾಟಾ ಎಸ್‌ಎಸ್‌ಡಿ, 450 ವ್ಯಾಟ್ ಪವರ್ ಸಪ್ಲೈ. ಕೂಲರ್ ಪ್ರೊಸೆಸರ್ ಜೊತೆಗೇ ಬಂದ ರೇತ್ ಸ್ಪೈರ್.

ತೊಂದರೆಗಳು ನಾಲ್ಕು. ಬ್ರೌಸರ್ ಮತ್ತು ವಿಡಿಯೋ ಎಡಿಟರ್ ಒಟ್ಟಿಗೆ ತೆರೆದರೆ ಮೆಷಿನ್ ಕೆಲವು ಸೆಕೆಂಡ್ ನಿಂತೇಬಿಡುತ್ತಿತ್ತು. ಎಡಿಟರ್‌ನ ಟೈಮ್‌ಲೈನ್‌ನಲ್ಲಿ ಎರಡು ಪದರ ವಿಡಿಯೋ, ಮೇಲೆ ಟೈಟಲ್ ಇಟ್ಟರೆ ಪ್ರಿವ್ಯೂ ತಡವರಿಸುತ್ತಿತ್ತು. ಎಕ್ಸ್‌ಪೋರ್ಟ್ ನಿಧಾನ. ನಾಲ್ಕನೆಯದು ವಿಂಡೋಸ್: ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11 ಈ ಪ್ರೊಸೆಸರ್ ಬೇಡ ಅನ್ನುತ್ತದೆ.

ಹಂತ 1: ತಪ್ಪು ಯಾರದು ಅಂತ ನೋಡಿದ್ದು

ನಾಲ್ಕು ತೊಂದರೆಗೂ ಪ್ರೊಸೆಸರ್ ಮೇಲೆ ತಪ್ಪು ಹೊರಿಸುವುದು ಸುಲಭ. ಆದರೆ ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಅಳೆಯದೆ ಒಂದು ಸ್ಕ್ರೂ ಕೂಡ ಬಿಚ್ಚಬಾರದು ಅಂತ ನಿರ್ಧರಿಸಿದ್ದೆ.

ಟಾಸ್ಕ್ ಮ್ಯಾನೇಜರ್‌ನ ಒಟ್ಟು ಶೇಕಡಾವಾರು ನೋಡಿ ತೀರ್ಮಾನಕ್ಕೆ ಬರಬೇಡಿ. ಟೈಮ್‌ಲೈನ್ ತಡವರಿಸುವಾಗ ಅಲ್ಲಿ ಕಾಣುತ್ತಿದ್ದುದು ಶೇ 20ರ ಆಸುಪಾಸು. ನೋಡಿದರೆ ಪ್ರೊಸೆಸರ್ ಆರಾಮವಾಗಿದೆ ಅನ್ನಿಸುತ್ತದೆ. 12 ಥ್ರೆಡ್ ಇರುವ ಪ್ರೊಸೆಸರ್‌ನಲ್ಲಿ ಒಂದು ಥ್ರೆಡ್ ಪೂರ್ತಿ ದುಡಿದರೆ ಒಟ್ಟು ಲೆಕ್ಕದಲ್ಲಿ ಅದು ಬರೀ ಶೇ 8.3. ಹನ್ನೆರಡು ಆಳುಗಳಲ್ಲಿ ಒಬ್ಬನೇ ಬೆವರು ಸುರಿಸುತ್ತಿದ್ದು, ಉಳಿದವರು ಅವನ ಕೆಲಸ ಮುಗಿಯಲಿ ಅಂತ ಕಾಯುತ್ತಿದ್ದರೆ ಸರಾಸರಿ ಹೀಗೇ ಕಾಣುವುದು. ವಿಂಡೋಸ್ ಆ ಥ್ರೆಡ್ಡನ್ನು ಒಂದು ಕೋರ್‌ನಿಂದ ಇನ್ನೊಂದಕ್ಕೆ ಎತ್ತಿಹಾಕುತ್ತಲೇ ಇರುತ್ತದೆ. ಹಾಗಾಗಿ ಕೋರ್‌ವಾರು ಗ್ರಾಫ್‌ನಲ್ಲೂ ಯಾವ ಚೌಕವೂ ತುಂಬಿದ ಹಾಗೆ ಕಾಣುವುದಿಲ್ಲ. ಪ್ರೊಸೆಸ್ ಎಕ್ಸ್‌ಪ್ಲೋರರ್ ತೆರೆದು, ಎಡಿಟರ್ ಮೇಲೆ ಡಬಲ್ ಕ್ಲಿಕ್ ಮಾಡಿ, ಥ್ರೆಡ್ಸ್ ಟ್ಯಾಬ್ ನೋಡಿದೆ. ಒಂದು ಥ್ರೆಡ್ 8.2, 8.3ರಲ್ಲಿ ಅಂಟಿಕೊಂಡಿತ್ತು. ಅಂದರೆ ಟೈಮ್‌ಲೈನ್ ತೊಂದರೆ ಪ್ರೊಸೆಸರ್‌ನದೇ, ಅದೂ ಒಂಟಿ ಕೋರ್ ವೇಗದ್ದು. ಕೋರ್ ಸಂಖ್ಯೆ ಜಾಸ್ತಿ ಮಾಡಿದರೆ ಇದು ಸರಿಹೋಗುವುದಿಲ್ಲ.

ಎಕ್ಸ್‌ಪೋರ್ಟ್ ಪರೀಕ್ಷೆ ನೇರವಾಗಿತ್ತು. 10 ನಿಮಿಷದ 1080ಪಿ ವಿಡಿಯೋ, ಹ್ಯಾಂಡ್‌ಬ್ರೇಕ್ (ವಿಡಿಯೋ ಪರಿವರ್ತಿಸುವ ತಂತ್ರಾಂಶ), ಎಕ್ಸ್265 (ಪ್ರೊಸೆಸರ್‌ನಲ್ಲೇ ವಿಡಿಯೋ ಕುಗ್ಗಿಸುವ ಎನ್‌ಕೋಡರ್), ಮೀಡಿಯಂ ಪ್ರಿಸೆಟ್. ಹನ್ನೆರಡೂ ಥ್ರೆಡ್ ತುಂಬಿದವು. ಸಮಯ 9 ನಿಮಿಷ 30 ಸೆಕೆಂಡ್. ಇದೂ ಪ್ರೊಸೆಸರ್‌ನದೇ.

ಆದರೆ ಬ್ರೌಸರ್ ಜೊತೆ ಮೆಷಿನ್ ನಿಲ್ಲುವ ತೊಂದರೆಯ ಕಥೆ ಬೇರೆ. ಆ ಹೊತ್ತಿನಲ್ಲಿ ಪ್ರೊಸೆಸರ್ ಶೇ 10 ದಾಟುತ್ತಿರಲಿಲ್ಲ. ರ್ಯಾಮ್ 7.6 ಜಿಬಿ ತುಂಬಿ, ರಿಸೋರ್ಸ್ ಮಾನಿಟರ್‌ನಲ್ಲಿ ಹಾರ್ಡ್ ಫಾಲ್ಟ್ಸ್ ಗೆರೆ ಏರುತ್ತಿತ್ತು, ಎಸ್‌ಎಸ್‌ಡಿ ಶೇ 100ಕ್ಕೆ ಹೋಗುತ್ತಿತ್ತು. ರ್ಯಾಮ್ ಸಾಲದೆ ವಿಂಡೋಸ್ ಡಿಸ್ಕಿಗೆ ಎತ್ತಿಡುತ್ತಿದೆ, ಅಷ್ಟೇ. ಎಂಥ ಪ್ರೊಸೆಸರ್ ಹಾಕಿದರೂ ಇದು ಹೋಗುವುದಿಲ್ಲ.

ಹೋಲಿಕೆಗೆ, ಪ್ರೊಸೆಸರ್ ವೇಗ ಅಳೆಯುವ ಸಿನೆಬೆಂಚ್ ಆರ್23 ಅಂಕಗಳನ್ನೂ ಬರೆದಿಟ್ಟೆ: ಒಂಟಿ ಕೋರ್ 930, ಎಲ್ಲಾ ಕೋರ್ 6,900.

ಹಂತ 2: ಕಡಿಮೆ ಖರ್ಚಿನ ದಾರಿಗಳು ಮೊದಲು

ಮೊದಲು ಧೂಳು. ಕೂಲರ್‌ನ ರೆಕ್ಕೆಗಳ ನಡುವೆ ಧೂಳು ಕಂಬಳಿಯಂತೆ ಕೂತಿತ್ತು. ಬ್ರಷ್ ಮತ್ತು ಬ್ಲೋಯರ್‌ನಿಂದ ತೆಗೆದೆ. ಫ್ಯಾನ್ ತಿರುಗದ ಹಾಗೆ ಬೆರಳಿನಿಂದ ಹಿಡಿದುಕೊಂಡೇ ಗಾಳಿ ಊದಬೇಕು. ಪೂರ್ತಿ ಲೋಡ್‌ನಲ್ಲಿ 88 ಡಿಗ್ರಿ ಇದ್ದದ್ದು 76ಕ್ಕೆ ಇಳಿಯಿತು, ಸದ್ದು ಕಡಿಮೆಯಾಯಿತು. ವೇಗ ಮಾತ್ರ ಬದಲಾಗಲಿಲ್ಲ. ಈ ಪ್ರೊಸೆಸರ್ 95 ಡಿಗ್ರಿವರೆಗೆ ತಡೆದುಕೊಳ್ಳುತ್ತದೆ. 88ರಲ್ಲೂ ಎಲ್ಲಾ ಕೋರ್ 3.4 ಗಿಗಾಹರ್ಟ್ಸ್‌ನಲ್ಲೇ ಓಡುತ್ತಿದ್ದವು. ಬಿಸಿಯಿಂದ ವೇಗ ಕುಸಿಯುತ್ತಿದ್ದರೆ ಕಥೆ ಬೇರೆಯಾಗುತ್ತಿತ್ತು, ಆಗ ಇಷ್ಟೇ ಕೆಲಸ ಸಾಕಾಗುತ್ತಿತ್ತೇನೋ. ಅದಕ್ಕೇ ತಾಪದ ಜೊತೆ ಗಡಿಯಾರ ವೇಗವನ್ನೂ ನೋಡಬೇಕು. ಎಚ್‌ಡಬ್ಲ್ಯೂಇನ್ಫೋ ಎರಡನ್ನೂ ತೋರಿಸುತ್ತದೆ.

ಮುಂದೆ ರ್ಯಾಮ್. ಅದೇ ತರಹದ ಇನ್ನೊಂದು 8 ಜಿಬಿ ಸ್ಟಿಕ್ ಹಾಕಿ ಒಟ್ಟು 16 ಮಾಡಿದೆ. ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡನೇ ಮತ್ತು ನಾಲ್ಕನೇ ಸ್ಲಾಟ್, ಆಗ ಡ್ಯುಯಲ್ ಚಾನೆಲ್ ಆಗುತ್ತದೆ, ಅಂದರೆ ಎರಡೂ ಸ್ಟಿಕ್ ಒಟ್ಟಿಗೆ ದುಡಿಯುತ್ತವೆ. ಬ್ರೌಸರ್ ತೊಂದರೆ ಅಂದೇ ಹೋಯಿತು. ಟೈಮ್‌ಲೈನ್ ಕೂಡ ಒಂಚೂರು ಸುಧಾರಿಸಿತು, ಎಡಿಟರ್‌ನ ಮಾನಿಟರ್‌ನಲ್ಲಿ ಸೆಕೆಂಡಿಗೆ 14–15 ಫ್ರೇಮ್ ಇದ್ದದ್ದು 17–19 ಆಯಿತು. 30 ಬೇಕು.

ಇಲ್ಲಿ ಒಂದು ಸಂಗತಿ ಗಮನಕ್ಕೆ ಬಂತು. ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಓಡುವ, ಬೋರ್ಡ್‌ನದೇ ತಂತ್ರಾಂಶ) ಎಕ್ಸ್‌ಎಂಪಿ, ಅಂದರೆ ರ್ಯಾಮನ್ನು ಅದರ ಮೇಲೆ ಬರೆದ ವೇಗದಲ್ಲಿ ಓಡಿಸುವ ಸೆಟ್ಟಿಂಗ್, ಆನ್ ಮಾಡದಿದ್ದರೆ 3000ದ ರ್ಯಾಮ್ ಸುಮ್ನೆ 2133ರಲ್ಲಿ ಓಡುತ್ತಿರುತ್ತದೆ. ಆನ್ ಮಾಡಿದೆ, ಆದರೆ ಎರಡು ಸ್ಟಿಕ್ ಇದ್ದಾಗ 3000ದಲ್ಲಿ ರ್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ದೋಷ ತೋರಿಸಿತು. 2933ರಲ್ಲೂ ಒಂದೊಂದು ದೋಷ. 2666ರಲ್ಲಿ ಪೂರ್ತಿ ಪಾಸ್. ಮೊದಲ ತಲೆಮಾರಿನ ರೈಜೆನ್‌ಗೆ ಎಎಂಡಿ ಅಧಿಕೃತವಾಗಿ ಹೇಳುವ ಗರಿಷ್ಠ ವೇಗವೂ 2666. ಅದರ ಮೆಮೊರಿ ಕಂಟ್ರೋಲರ್ ಅಷ್ಟಕ್ಕೇ ಸೈ. ಈ ಮಿತಿ ರ್ಯಾಮ್‌ನದಲ್ಲ, ಪ್ರೊಸೆಸರ್‌ನದು ಅಂತ ಆಗಲೇ ಟಿಪ್ಪಣಿ ಮಾಡಿಕೊಂಡೆ.

ಎಡಿಟರ್‌ನಲ್ಲಿ ಪ್ರಾಕ್ಸಿ ಕ್ಲಿಪ್ (ಎಡಿಟ್ ಮಾಡುವಾಗ ಮೂಲದ ಬದಲು ಬಳಸುವ ಹಗುರ ಪ್ರತಿ) ಆನ್ ಮಾಡಿಯೂ ನೋಡಿದೆ. 4ಕೆ ಕ್ಲಿಪ್‌ಗಳಿಗೆ ತುಂಬಾ ಪ್ರಯೋಜನವಾಯಿತು. ಟೈಟಲ್, ಎಫೆಕ್ಟ್ ಇರುವ ಜಾಗದಲ್ಲಿ ಅದೇ ತಡವರಿಕೆ. ಎಕ್ಸ್‌ಪೋರ್ಟಿಗೆ ಗ್ರಾಫಿಕ್ಸ್ ಕಾರ್ಡ್‌ನೊಳಗಿನ ವಿಡಿಯೋ ಎನ್‌ಕೋಡರ್ ಆದ ಎನ್‌ವೆಂಕ್ ಬಳಸಿದರೆ ಅದೇ ವಿಡಿಯೋ ಎರಡು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಆದರೆ ಅಷ್ಟೇ ಗುಣಮಟ್ಟಕ್ಕೆ ಫೈಲ್ ದೊಡ್ಡದಾಗುತ್ತದೆ. ಕರಡು ಪ್ರತಿ ನೋಡಲು ಎನ್‌ವೆಂಕ್, ಕೊನೆಯ ಪ್ರತಿಗೆ ಎಕ್ಸ್265 ಅಂತ ಇಟ್ಟುಕೊಂಡೆ.

ಇಷ್ಟಾದ ಮೇಲೆ ಪ್ರೊಸೆಸರ್ ಪಾಲಿಗೆ ಉಳಿದದ್ದು: ಟೈಮ್‌ಲೈನ್, ಕೊನೆಯ ಎಕ್ಸ್‌ಪೋರ್ಟ್, ವಿಂಡೋಸ್ 11. ಟೈಮ್‌ಲೈನ್ ಮುಂದೆ ದಿನವಿಡೀ ಕೂರುವವರಿಗೆ ಇದು ಸಣ್ಣದಲ್ಲ.

ಹಂತ 3: ಬೋರ್ಡ್ ಏನು ಒಪ್ಪುತ್ತದೆ

ಸಾಕೆಟ್ ಹೊಂದಿದರೆ ಆಯಿತು ಅಂದುಕೊಂಡು ಕೈಸುಟ್ಟುಕೊಳ್ಳುವವರು ಇಲ್ಲೇ ಸಿಗುತ್ತಾರೆ. ಇಂಟೆಲ್‌ನ 6 ಮತ್ತು 7ನೇ ತಲೆಮಾರು, 8 ಮತ್ತು 9ನೇ ತಲೆಮಾರು ಎಲ್ಲದರ ಸಾಕೆಟ್ ಹೆಸರೂ ಎಲ್‌ಜಿಎ 1151. ಆದರೂ 100 ಮತ್ತು 200 ಸರಣಿಯ ಬೋರ್ಡಿಗೆ 8ನೇ ತಲೆಮಾರು ಹಾಕಿದರೆ ಓಡುವುದಿಲ್ಲ. ಎಎಂ4ನಲ್ಲಿ ಬಾಗಿಲು ಜಾಸ್ತಿ ತೆರೆದಿದೆ, ಆದರೆ ಅಲ್ಲೂ ಬೀಗದ ಕೈ ಬಯಾಸ್ ಹತ್ತಿರ ಇದೆ. 300 ಸರಣಿಯ ಬೋರ್ಡ್‌ಗಳಿಗೆ (ನನ್ನ ಬಿ350 ಕೂಡ ಇದರಲ್ಲೇ ಬರುತ್ತದೆ) ರೈಜೆನ್ 5000 ಬೆಂಬಲವನ್ನು ಎಎಂಡಿ ಘೋಷಿಸಿದ್ದು 2022ರಲ್ಲಿ. ಅದಕ್ಕೆ ಬೇಕಾದ ಬಯಾಸ್ ಕೊಡುವುದು ಬೋರ್ಡ್ ತಯಾರಕರ ಕೈಯಲ್ಲಿತ್ತು.

ಹಾಗಾಗಿ ಮಾಡಿದ್ದು ಇಷ್ಟು. ಬೋರ್ಡ್ ಮೇಲೆ ಅಚ್ಚಾಗಿರುವ ಮಾದರಿ ಹೆಸರು ಮತ್ತು ರಿವಿಷನ್ ಸಂಖ್ಯೆ ಬರೆದುಕೊಂಡೆ. ಎರಡೂ ಬೇಕು, ಹೆಸರು ಒಂದೇ ಇದ್ದು ರಿವಿಷನ್ ಬೇರೆಯಾದರೆ ಬಯಾಸ್ ಫೈಲ್ ಬೇರೆಯಾಗುತ್ತದೆ. ತಯಾರಕರ ಪ್ರೊಸೆಸರ್ ಬೆಂಬಲ ಪಟ್ಟಿಯಲ್ಲಿ 5000 ಸರಣಿ ಇತ್ತು, ಯಾವ ಬಯಾಸ್ ಆವೃತ್ತಿಯಿಂದ ಅಂತಲೂ ಇತ್ತು.

ಎರಡನೆಯ ಪ್ರಶ್ನೆ ವಿದ್ಯುತ್. ನನ್ನ ಬೋರ್ಡ್ ಅಗ್ಗದ್ದು. ಪ್ರೊಸೆಸರ್‌ಗೆ ವಿದ್ಯುತ್ ಕೊಡುವ ವಿಆರ್‌ಎಂ ಭಾಗದ ಮೇಲೆ ಪೂರ್ತಿ ಹೀಟ್‌ಸಿಂಕ್ ಕೂಡ ಇಲ್ಲ. ಎಎಂ4ನಲ್ಲಿ 65 ವ್ಯಾಟ್ ಅಂತ ಬರೆದಿರುವ ಪ್ರೊಸೆಸರ್ ಸಾಕೆಟ್‌ನಿಂದ 88 ವ್ಯಾಟ್‌ವರೆಗೆ ಎಳೆಯುತ್ತದೆ. 105 ಅಂತ ಬರೆದಿದ್ದರೆ 142ರವರೆಗೆ. 1600 ಕೂಡ 65ರದ್ದೇ. ಅದೇ ವರ್ಗದಲ್ಲಿ ಉಳಿದರೆ ಬೋರ್ಡಿಗೂ ಪವರ್ ಸಪ್ಲೈಗೂ ಹೊಸ ಭಾರ ಬೀಳುವುದಿಲ್ಲ. ಇದರಿಂದ 105 ವ್ಯಾಟ್‌ನ 5800ಎಕ್ಸ್ ಮತ್ತು 5800ಎಕ್ಸ್3ಡಿ ಪಟ್ಟಿಯಿಂದ ಹೊರಗೆ ಹೋದವು.

ಹಂತ 4: ಯಾವ ಚಿಪ್

ಉಳಿದವು 5500, 5600, 5600ಜಿ, 5700ಎಕ್ಸ್.

5500 ಮತ್ತು 5600 ಹೆಸರು ನೋಡಿ ಅಕ್ಕಪಕ್ಕದವು ಅಂದುಕೊಳ್ಳಬೇಡಿ. ಎರಡರಲ್ಲೂ 6 ಕೋರ್, 12 ಥ್ರೆಡ್. ಆದರೆ 5500ರ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 16 ಎಂಬಿ, 5600ರದ್ದು 32. 5500 ಮತ್ತು 5600ಜಿ ಎರಡೂ ಪಿಸಿಐ ಎಕ್ಸ್‌ಪ್ರೆಸ್ (ಗ್ರಾಫಿಕ್ಸ್ ಕಾರ್ಡ್ ಕೂರುವ ಸಂಪರ್ಕ) 3.0ಕ್ಕೆ ನಿಲ್ಲುತ್ತವೆ. ಬಿ350 ಬೋರ್ಡೇ 3.0 ಆದ್ದರಿಂದ ಆ ವ್ಯತ್ಯಾಸ ಇಲ್ಲಿ ಲೆಕ್ಕಕ್ಕಿಲ್ಲ. ಕ್ಯಾಶ್ ವ್ಯತ್ಯಾಸ ಮಾತ್ರ ಬೋರ್ಡ್ ಯಾವುದಾದರೂ ಉಳಿಯುತ್ತದೆ. 5600ಜಿಯಲ್ಲಿ ಒಳಗೇ ಗ್ರಾಫಿಕ್ಸ್ ಇದೆ, ಬೇರೆ ಕಾರ್ಡ್ ಇಲ್ಲದವರಿಗೆ ಅದೇ ಸರಿ. 5600ಕ್ಕೆ ಡಿಸ್‌ಪ್ಲೇ ಔಟ್‌ಪುಟ್ ಇಲ್ಲ, ಕಾರ್ಡ್ ಬೇಕೇ ಬೇಕು. ನನ್ನ ಹತ್ತಿರ ಇದೆ.

5700ಎಕ್ಸ್ ಮುಂದೆ ಜಾಸ್ತಿ ಹೊತ್ತು ನಿಂತೆ. 8 ಕೋರ್, 16 ಥ್ರೆಡ್, ಅದೂ 65 ವ್ಯಾಟ್‌ನದು. ಎಕ್ಸ್‌ಪೋರ್ಟಿಗೆ ಅದು ಖಂಡಿತ ಮೇಲು. ಆದರೆ ನನ್ನ ಮುಖ್ಯ ತೊಂದರೆ ಒಂಟಿ ಥ್ರೆಡ್‌ನದು ಅಂತ ಹಂತ 1ರಲ್ಲೇ ಸಿಕ್ಕಿತ್ತು. 5600ರ ಬೂಸ್ಟ್ 4.4, 5700ಎಕ್ಸ್‌ದು 4.6. ಟೈಮ್‌ಲೈನ್ ಮೇಲೆ ಇದು ಕಾಣುವಷ್ಟು ಅಂತರ ಅಲ್ಲ. ಮೇಲಾಗಿ 5700ಎಕ್ಸ್ ಜೊತೆ ಕೂಲರ್ ಬರುವುದಿಲ್ಲ. ಎರಡು ಕೋರ್‌ಗೆ ಕೊಡುವ ಹೆಚ್ಚಿನ ಹಣ ರ್ಯಾಮ್‌ಗೆ ಹೋಗಲಿ ಅಂತ 5600 ಆರಿಸಿದೆ. ದಿನವೂ ಗಂಟೆಗಟ್ಟಲೆ ಎಕ್ಸ್‌ಪೋರ್ಟ್ ಮಾಡುವವರು ಇದರ ಉಲ್ಟಾ ಆರಿಸಬೇಕು.

ಸೆಕೆಂಡ್ ಹ್ಯಾಂಡ್ ನೋಡುವವರಿಗೆ ಎರಡು ಮಾತು. ಎಎಂ4 ಪ್ರೊಸೆಸರ್‌ನಲ್ಲಿ 1331 ಪಿನ್‌ಗಳು ಚಿಪ್‌ನ ಕೆಳಗೇ ಇರುತ್ತವೆ. ನಾಲ್ಕೂ ಬದಿಯಿಂದ, ಸಾಲು ನೇರವಾಗಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿ. ಇನ್ನೊಂದು, ಕೆಲವು ಬ್ರ್ಯಾಂಡ್ ಕಂಪ್ಯೂಟರ್‌ಗಳಿಂದ ಬಿಚ್ಚಿದ ರೈಜೆನ್ ಪ್ರೊ ಚಿಪ್‌ಗಳು ಆ ಬ್ರ್ಯಾಂಡ್‌ನ ಬೋರ್ಡ್‌ಗೇ ಲಾಕ್ ಆಗಿರುತ್ತವೆ. ಬೇರೆ ಬೋರ್ಡ್‌ನಲ್ಲಿ ಬೂಟ್ ಆಗುವುದೇ ಇಲ್ಲ.

ಹಂತ 5: ಹೊಸದಾಗಿ ಕಟ್ಟಿದರೆ?

ಎಎಂ4ನ ನಂತರದ ಸಾಕೆಟ್ ಆದ ಎಎಂ5ಗೆ ಹೋದರೆ ಪ್ರೊಸೆಸರ್ ಜೊತೆ ಬೋರ್ಡೂ ಬೇಕು, ಡಿಡಿಆರ್5 ರ್ಯಾಮೂ ಬೇಕು. ನನ್ನ ಡಿಡಿಆರ್4 ಅಲ್ಲಿ ಕೂರುವುದಿಲ್ಲ. ಒಟ್ಟು ಖರ್ಚು 5600 ಒಂದರ ಮೂರು ಪಟ್ಟು ದಾಟುತ್ತಿತ್ತು. ವೇಗವೇನೋ ಅದರಲ್ಲೇ ಜಾಸ್ತಿ. ಆದರೆ ನನಗೆ ಬೇಕಾದದ್ದು ಟೈಮ್‌ಲೈನ್‌ನಲ್ಲಿ 30 ಫ್ರೇಮ್. 1600ರ ಮೇಲೆ 5600 ಒಂಟಿ ಕೋರ್‌ನಲ್ಲಿ ಒಂದೂವರೆ ಪಟ್ಟಿಗಿಂತ ಮೇಲಿದೆ. 18 ಫ್ರೇಮನ್ನು ಒಂದೂವರೆ ಪಟ್ಟು ಮಾಡಿದರೆ 27. ರ್ಯಾಮ್ ವೇಗ ಏರಿದರೆ ಇನ್ನೊಂದಿಷ್ಟು. ಲೆಕ್ಕ ಹತ್ತಿರ ಬಂತು, ಬದಲಿಸುವುದು ಅಂತ ಆಯಿತು.

ಇದೇ ಲೆಕ್ಕ ಇನ್ನೊಂದು ಮೆಷಿನ್‌ಗೆ ಹಾಕಿದಾಗ ಉತ್ತರ ಬೇಡ ಅಂತ ಬಂತು. ಅದನ್ನೂ ಹೇಳಿಬಿಡುತ್ತೇನೆ. ಅದು ಎಚ್61 ಬೋರ್ಡ್, ಐ3-2100. ಬಯಾಸ್ ಅಪ್‌ಡೇಟ್ ಮಾಡಿದರೆ ಅದಕ್ಕೆ ಐ7-3770 ಕೂರುತ್ತದೆ, 2 ಕೋರ್‌ನಿಂದ 4 ಕೋರ್ 8 ಥ್ರೆಡ್‌ಗೆ ಜಿಗಿತ. ಕೇಳಲು ಚೆಂದ. ಆದರೆ ಬೋರ್ಡ್‌ನ ರ್ಯಾಮ್ ಮಿತಿ 16 ಜಿಬಿ, ಸಾಟಾ ಪೋರ್ಟ್‌ಗಳು 3 ಗಿಗಾಬಿಟ್‌ನವು, ಚಿಪ್‌ಸೆಟ್‌ನಲ್ಲಿ ಯುಎಸ್‌ಬಿ 3.0 ಇಲ್ಲ. 3770ರಲ್ಲಿ ಎವಿಎಕ್ಸ್2 (ಕೆಲವು ಹೊಸ ತಂತ್ರಾಂಶ ಬಳಸುವ ಪ್ರೊಸೆಸರ್ ಆದೇಶಗಳು) ಇಲ್ಲ, ಯೂಟ್ಯೂಬ್ ಬಳಸುವ ವಿಪಿ9 ವಿಡಿಯೋ ಬಿಡಿಸುವ ಹಾರ್ಡ್‌ವೇರ್ ಕೂಡ ಇಲ್ಲ, ವಿಂಡೋಸ್ 11 ಪಟ್ಟಿಯಲ್ಲೂ ಇಲ್ಲ. ಆ ಮೆಷಿನ್‌ನ ಕೆಲಸ ಪತ್ರ ಬರೆಯುವುದು, ಮೇಲ್ ನೋಡುವುದು. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ, 4 ಜಿಬಿ ಜಾಗದಲ್ಲಿ 8, ಮೇಲೆ ಲಿನಕ್ಸ್. ಪ್ರೊಸೆಸರ್ ಮುಟ್ಟಲಿಲ್ಲ. ಈಗಲೂ ಅದೇ ಐ3ಯಲ್ಲಿ ಸಲೀಸಾಗಿ ಓಡುತ್ತಿದೆ.

ಹಂತ 6: ಬಯಾಸ್

ಹಳೆಯ ಪ್ರೊಸೆಸರ್ ಕೂತಿರುವಾಗಲೇ ಈ ಕೆಲಸ ಮುಗಿಯಬೇಕು. ಹೊಸದನ್ನು ಹಾಕಿ ಆಮೇಲೆ ಅಪ್‌ಡೇಟ್ ಮಾಡೋಣ ಅಂದರೆ ಪರದೆಯೇ ಬರುವುದಿಲ್ಲ.

ಮೊದಲು, ಡಿಸ್ಕ್‌ಗೆ ಗೂಢಲಿಪಿಯ ಬೀಗ ಹಾಕುವ ಬಿಟ್‌ಲಾಕರ್‌ನ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟೆ. ಹೋಮ್ ಆವೃತ್ತಿಯಲ್ಲಿ ಬಿಟ್‌ಲಾಕರ್ ಇಲ್ಲ ಅಂತ ಸುಮ್ಮನಿರಬೇಡಿ, ಡಿವೈಸ್ ಎನ್‌ಕ್ರಿಪ್ಷನ್ ಅನ್ನುವ ಹೆಸರಿನಲ್ಲಿ ಅದು ಆನ್ ಇರಬಹುದು. ನಂತರ ಸಸ್ಪೆಂಡ್ ಮಾಡಿದೆ. ಸಸ್ಪೆಂಡ್ ಸಾಮಾನ್ಯವಾಗಿ ಒಂದು ರೀಸ್ಟಾರ್ಟ್‌ವರೆಗೆ ಮಾತ್ರ ನಿಲ್ಲುತ್ತದೆ. ಬಯಾಸ್‌ಗೆ ಒಮ್ಮೆ, ಪ್ರೊಸೆಸರ್ ಬದಲಿಸುವಾಗ ಇನ್ನೊಮ್ಮೆ ಮಾಡಬೇಕು.

ಬಯಾಸ್‌ನ ಪ್ರತಿ ಪುಟದ ಫೋಟೋ ತೆಗೆದುಕೊಂಡೆ. ಅಪ್‌ಡೇಟ್ ಆದರೆ ಎಲ್ಲಾ ಸೆಟ್ಟಿಂಗ್ ಅಳಿಸಿಹೋಗುತ್ತವೆ. ಪೆನ್ ಡ್ರೈವ್ ಎಫ್‌ಎಟಿ32ಗೆ ಫಾರ್ಮ್ಯಾಟ್ ಮಾಡಿ, ಹೊಸ ಬಯಾಸ್ ಫೈಲ್ ಹಾಕಿ, ಯುಪಿಎಸ್ ಮೂಲಕ ಮೆಷಿನ್ ಆನ್ ಮಾಡಿ, ಬಯಾಸ್ ಒಳಗಿನ ಅಪ್‌ಡೇಟ್ ಸಾಧನ ತೆರೆದೆ.

ಫೈಲ್ ಸರಿಯಿಲ್ಲ ಅಂತ ಬಂತು. ಇಳಿಸಿಕೊಂಡದ್ದೇ ಕೆಟ್ಟಿರಬಹುದು ಅಂತ ಮತ್ತೆ ಇಳಿಸಿದೆ, ಅದೇ ಉತ್ತರ. ತಯಾರಕರ ಟಿಪ್ಪಣಿಯಲ್ಲಿ ಹಳೆಯ ಆವೃತ್ತಿಯೊಂದರ ಕೆಳಗೆ, ಇದಕ್ಕಿಂತ ಮುಂದಿನವುಗಳಿಗೆ ಹೋಗುವ ಮೊದಲು ಇದನ್ನು ಹಾಕಬೇಕು ಅಂತ ಒಂದು ಸಾಲು ಇತ್ತು. ನನ್ನ ಬೋರ್ಡ್‌ನಲ್ಲಿದ್ದ ಬಯಾಸ್ ತುಂಬಾ ಹಳೆಯದು. ನಡುವಿನ ಆ ಮೆಟ್ಟಿಲು ಹತ್ತದೆ ಮೇಲಕ್ಕೆ ಬಿಡುವುದಿಲ್ಲ. ಮೊದಲು ಅದನ್ನು ಹಾಕಿದೆ, ರೀಸ್ಟಾರ್ಟ್, ಆಮೇಲೆ ಹೊಸದು. ಈ ಸಲ ಒಪ್ಪಿಕೊಂಡಿತು. ಟಿಪ್ಪಣಿಗಳನ್ನು ಮೇಲಿನ ಸಾಲು ಮಾತ್ರ ಓದದೆ ಕೆಳಗಿನವರೆಗೂ ಓದಿ. ಹೊಸ ಬಯಾಸ್‌ನಿಂದ ಹಿಂದಕ್ಕೆ ಹೋಗಲಾಗದು, ಕೆಲವು ಹಳೆಯ ಎ ಸರಣಿ ಚಿಪ್‌ಗಳ ಬೆಂಬಲ ಹೋಗುತ್ತದೆ ಅನ್ನುವಂಥ ಎಚ್ಚರಿಕೆಗಳೂ ಅಲ್ಲೇ ಇರುತ್ತವೆ.

ಕೂಡಲೇ ಪ್ರೊಸೆಸರ್ ಬದಲಿಸಲಿಲ್ಲ. ಹೊಸ ಬಯಾಸ್, ಹಳೆಯ 1600 ಇಟ್ಟುಕೊಂಡು ಕೆಲವು ದಿನ ಕೆಲಸ ಮಾಡಿದೆ. ಎರಡು ಬದಲಾವಣೆ ಒಟ್ಟಿಗೆ ಮಾಡಿ ಏನಾದರೂ ಕೆಟ್ಟರೆ ಯಾವುದರಿಂದ ಕೆಟ್ಟಿತು ಅಂತ ಹುಡುಕುವುದು ದೊಡ್ಡ ತಲೆನೋವು.

ಹಂತ 7: ಬಿಚ್ಚಿದ್ದು, ಕೂರಿಸಿದ್ದು

ಬೇಕಾದ ಸಾಮಾನು: ಪ್ಲಸ್ ಸ್ಕ್ರೂಡ್ರೈವರ್, ಐಸೋಪ್ರೊಪೈಲ್ ಆಲ್ಕೋಹಾಲ್, ನಾರು ಬಿಡದ ಬಟ್ಟೆ, ಥರ್ಮಲ್ ಪೇಸ್ಟ್, ಟಾರ್ಚ್.

ಎಎಂ4ನಲ್ಲಿ ಕೂಲರ್ ತೆಗೆಯುವುದೇ ಅತಿ ಅಪಾಯದ ಕ್ಷಣ. ಹಳೆಯ ಪೇಸ್ಟ್ ಒಣಗಿ ಗೋಂದಿನ ಹಾಗೆ ಹಿಡಿದಿರುತ್ತದೆ. ನೇರ ಮೇಲಕ್ಕೆ ಎಳೆದರೆ, ಸಾಕೆಟ್‌ನ ಲಿವರ್ ಮುಚ್ಚಿದ್ದರೂ ಪ್ರೊಸೆಸರ್ ಕೂಲರ್ ಜೊತೆಗೇ ಕಿತ್ತು ಬರುತ್ತದೆ, ಪಿನ್ ಬಾಗುತ್ತವೆ. ಅದಕ್ಕೇ ಹತ್ತು ನಿಮಿಷ ಪೂರ್ತಿ ಲೋಡ್ ಕೊಟ್ಟು ಬಿಸಿ ಮಾಡಿ, ಶಟ್‌ಡೌನ್ ಮಾಡಿ, ವೈರ್ ಕಿತ್ತೆ. ಆದರೆ ಕೇಬಲ್‌ಗಳನ್ನು, ಗ್ರಾಫಿಕ್ಸ್ ಕಾರ್ಡನ್ನು ತೆಗೆದು ಕೂಲರ್ ಹತ್ತಿರ ಬರುವಷ್ಟರಲ್ಲಿ ಅದು ಆರಿಹೋಗಿತ್ತು. ನಾಲ್ಕು ಸ್ಕ್ರೂ ಬಿಚ್ಚಿದರೂ ಅಲುಗಲಿಲ್ಲ. ಹೇರ್ ಡ್ರೈಯರ್‌ನಿಂದ ಹೀಟ್‌ಸಿಂಕ್‌ಗೆ ಸ್ವಲ್ಪ ಹೊತ್ತು ಬಿಸಿಗಾಳಿ ಹಾಯಿಸಿ, ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿದೆ. ನಾಲ್ಕೈದು ಸಲ ಆದ ಮೇಲೆ ಜಾರಿತು. ಜಾರುವವರೆಗೆ ಎತ್ತಲೇಬಾರದು. ಗ್ರಾಫಿಕ್ಸ್ ಕಾರ್ಡ್, ಕೇಬಲ್ ಎಲ್ಲವನ್ನೂ ಮೊದಲೇ ಸಡಿಲ ಮಾಡಿಟ್ಟುಕೊಳ್ಳುವಂತಿದ್ದರೆ ಬಿಸಿ ಉಳಿಯುತ್ತದೆ.

ಸ್ಪೈರ್ ಕೂಲರ್‌ನ ಸ್ಕ್ರೂಗಳು ಬೋರ್ಡ್‌ನ ಹಿಂದಿರುವ ಲೋಹದ ಪಟ್ಟಿಗೆ ಕಚ್ಚಿಕೊಳ್ಳುತ್ತವೆ. ನಾಲ್ಕೂ ಬಿಚ್ಚಿದ ಕ್ಷಣ ಆ ಪಟ್ಟಿ ಹಿಂದಕ್ಕೆ ಬೀಳುತ್ತದೆ. ಕೇಸಿನ ಹಿಂಬದಿ ಮುಚ್ಚಳ ಮೊದಲೇ ತೆಗೆದು, ಒಂದು ಕೈಯಲ್ಲಿ ಅದನ್ನು ಒತ್ತಿ ಹಿಡಿದಿದ್ದೆ.

ಲಿವರ್ ಎತ್ತಿದೆ, 1600 ತಾನಾಗಿ ಬಿಟ್ಟುಕೊಂಡಿತು. 5600ರ ಮೂಲೆಯ ಬಂಗಾರದ ತ್ರಿಕೋನ, ಸಾಕೆಟ್‌ನ ತ್ರಿಕೋನ ಎರಡನ್ನೂ ಹೊಂದಿಸಿ ಇಟ್ಟೆ. ಅದು ತನ್ನ ಭಾರಕ್ಕೇ ಇಳಿಯಬೇಕು. ಒತ್ತಬೇಕು ಅನ್ನಿಸಿದರೆ ಏನೋ ಸರಿಯಿಲ್ಲ ಅಂತ ಅರ್ಥ, ತೆಗೆದು ಪಿನ್ ನೋಡಬೇಕು. ಲಿವರ್ ಮುಚ್ಚಿದೆ.

5600 ಜೊತೆ ರೇತ್ ಸ್ಟೆಲ್ತ್ ಕೂಲರ್ ಬರುತ್ತದೆ. ನನ್ನ ಹಳೆಯ ಸ್ಪೈರ್ ಅದಕ್ಕಿಂತ ಎತ್ತರ, ಲೋಹ ಜಾಸ್ತಿ. ಹಾಗಾಗಿ ಅದನ್ನೇ ಒರೆಸಿ, ನಡುವೆ ಬಟಾಣಿ ಕಾಳಿನಷ್ಟು ಪೇಸ್ಟ್ ಇಟ್ಟು, ಸ್ಕ್ರೂಗಳನ್ನು ಎದುರುಬದುರು ಮೂಲೆಗಳಲ್ಲಿ ಎರಡೆರಡು ಸುತ್ತಿನಂತೆ ಬಿಗಿದೆ.

ಹಂತ 8: ಮೊದಲ ಬೂಟ್

ಫ್ಯಾನ್ ತಿರುಗಿತು, ಪರದೆ ಕಪ್ಪು. ಹೊಸ ಪ್ರೊಸೆಸರ್ ಕಂಡಾಗ ಬೋರ್ಡ್ ರ್ಯಾಮ್ ಜೊತೆ ಹೊಂದಾಣಿಕೆ ಮಾಡಿಕೊಳ್ಳಲು ಸಮಯ ತೆಗೆದುಕೊಳ್ಳುತ್ತದೆ, ಅದಕ್ಕೇ ಆಫ್ ಮಾಡದೆ ಕಾದೆ. ಬಹಳ ಹೊತ್ತಾದರೂ ಬೋರ್ಡ್ ಮೇಲಿನ ಡಿರ್ಯಾಮ್ ದೀಪ ಆರಲಿಲ್ಲ. ವೈರ್ ಕಿತ್ತು, ಸಿಮಾಸ್ ಕ್ಲಿಯರ್ ಮಾಡಿ (ಬಯಾಸ್ ಸೆಟ್ಟಿಂಗ್ ಎಲ್ಲವನ್ನೂ ಅಳಿಸಿ), ಎರಡನೇ ಸ್ಲಾಟ್‌ನಲ್ಲಿ ಒಂದೇ ಸ್ಟಿಕ್ ಬಿಟ್ಟು ಆನ್ ಮಾಡಿದೆ. ಒಂದು ಸಲ ತಾನೇ ರೀಸ್ಟಾರ್ಟ್ ಆಗಿ ಪರದೆ ಬಂತು. ಬಯಾಸ್‌ಗೆ ಹೋಗಿ ಸೇವ್ ಮಾಡಿ, ಆಫ್ ಮಾಡಿ, ಎರಡನೇ ಸ್ಟಿಕ್ ಹಾಕಿದೆ. ಈಗ ಎರಡೂ ಕಂಡವು.

ಮೊದಲ ಪರದೆಯಲ್ಲೇ ಒಂದು ಪ್ರಶ್ನೆ ಬರುತ್ತದೆ: ಹೊಸ ಪ್ರೊಸೆಸರ್ ಬಂದಿದೆ, ಎಫ್‌ಟಿಪಿಎಂ ರೀಸೆಟ್ ಮಾಡಲು ವೈ ಒತ್ತಿ, ಬೇಡವಾದರೆ ಎನ್ ಒತ್ತಿ ಅಂತ. ಎಫ್‌ಟಿಪಿಎಂ ಅಂದರೆ ಪ್ರೊಸೆಸರ್‌ನೊಳಗೇ ಇರುವ ಟಿಪಿಎಂ, ರಹಸ್ಯ ಕೀಲಿಗಳನ್ನು ಕಾಪಾಡುವ ಭಾಗ. ವೈ ಒತ್ತಿದರೆ ಅದರಲ್ಲಿದ್ದ ಬಿಟ್‌ಲಾಕರ್ ಕೀಲಿಗಳು ಅಳಿಯುತ್ತವೆ. ಕೀ ಬರೆದಿಡದೆ ವೈ ಒತ್ತಿದರೆ ಡಿಸ್ಕ್‌ನಲ್ಲಿರುವುದೆಲ್ಲ ಕೈತಪ್ಪಬಹುದು. ನನ್ನ ಕೈಯಲ್ಲಿ ಕಾಗದ ಇತ್ತು, ಬಿಟ್‌ಲಾಕರ್ ಸಸ್ಪೆಂಡ್ ಆಗಿತ್ತು, ವೈ ಒತ್ತಿದೆ. ವಿಂಡೋಸ್ ಸರಿಯಾಗಿ ತೆರೆಯಿತು. ಲಾಗಿನ್ ಪಿನ್ ಮಾತ್ರ ಕೆಲಸ ಮಾಡಲಿಲ್ಲ, ಅದೂ ಟಿಪಿಎಂಗೆ ಕಟ್ಟಿಕೊಂಡಿರುತ್ತದೆ. ಅಕೌಂಟ್ ಪಾಸ್‌ವರ್ಡ್ ಹಾಕಿ ಹೊಸ ಪಿನ್ ಮಾಡಿದೆ. ಪಾಸ್‌ವರ್ಡ್ ನೆನಪಿದೆಯಾ ಅಂತ ಹಿಂದಿನ ದಿನವೇ ನೋಡಿಕೊಳ್ಳಿ.

ಎಕ್ಸ್‌ಎಂಪಿ ಆನ್ ಮಾಡಿದೆ. 1600ರಲ್ಲಿ ನಿಲ್ಲದ ಅದೇ ಎರಡು ಸ್ಟಿಕ್, 3000ದಲ್ಲಿ ಮೆಮ್‌ಟೆಸ್ಟ್86 ಪೂರ್ತಿ ಪಾಸ್. ಈ ತಲೆಮಾರಿಗೆ ಅಧಿಕೃತ ವೇಗ 3200. ಚಿಪ್‌ಸೆಟ್ ಡ್ರೈವರ್ ಹೊಸದು ಹಾಕಿದೆ. ಪ್ರೊಸೆಸರ್‌ಗೆ ಪೂರ್ತಿ ಭಾರ ಕೊಡುವ ಒಸಿಸಿಟಿಯಲ್ಲಿ ಒಂದು ಗಂಟೆ ಓಡಿಸಿ, ಈವೆಂಟ್ ವ್ಯೂವರ್‌ನಲ್ಲಿ ಡಬ್ಲ್ಯೂಎಚ್‌ಇಎ (ವಿಂಡೋಸ್ ದಾಖಲಿಸುವ ಹಾರ್ಡ್‌ವೇರ್) ದೋಷ ಬಂದಿದೆಯಾ ನೋಡಿದೆ. ಒಂದೂ ಇಲ್ಲ.

ವಿಂಡೋಸ್ 11ಕ್ಕೆ ಇನ್ನೊಂದು ಅಡ್ಡಿ ಇತ್ತು. ನನ್ನ ಡಿಸ್ಕ್ ವಿಭಾಗಗಳನ್ನು ದಾಖಲಿಸುವ ಹಳೆಯ ಎಂಬಿಆರ್ ವಿಧಾನದ್ದು, ಬೇಕಾದದ್ದು ಹೊಸ ಜಿಪಿಟಿ. ಬ್ಯಾಕಪ್ ತೆಗೆದು, ವಿಂಡೋಸ್‌ನಲ್ಲೇ ಇರುವ ಎಂಬಿಆರ್2ಜಿಪಿಟಿಯಿಂದ ಬದಲಿಸಿ, ಬಯಾಸ್‌ನಲ್ಲಿ ಸಿಎಸ್‌ಎಂ (ಹಳೆಯ ರೀತಿಯ ಬೂಟ್) ಆಫ್, ಸೆಕ್ಯೂರ್ ಬೂಟ್ (ಸಹಿ ಇರುವ ತಂತ್ರಾಂಶವನ್ನು ಮಾತ್ರ ಬೂಟ್ ಮಾಡುವುದು) ಆನ್. ಆಮೇಲೆ ಅಪ್‌ಗ್ರೇಡ್ ತಕರಾರಿಲ್ಲದೆ ನಡೆಯಿತು.

ಹಂತ 9: ಮತ್ತೆ ಅದೇ ಅಳತೆ

ಸಿನೆಬೆಂಚ್ ಒಂಟಿ ಕೋರ್ 930ರಿಂದ 1,470. ಎಲ್ಲಾ ಕೋರ್ 6,900ರಿಂದ 10,800. ಹ್ಯಾಂಡ್‌ಬ್ರೇಕ್ ಎಕ್ಸ್‌ಪೋರ್ಟ್ 9 ನಿಮಿಷ 30 ಸೆಕೆಂಡ್‌ನಿಂದ 5 ನಿಮಿಷ 50 ಸೆಕೆಂಡ್. ಟೈಮ್‌ಲೈನ್ 17–19 ಫ್ರೇಮ್‌ನಿಂದ 28–30. ನನಗೆ ಮುಖ್ಯವಾದದ್ದು ಈ ಕೊನೆಯ ಸಂಖ್ಯೆ. ಈಗ ಕಟ್ ಎಲ್ಲಿ ಬೀಳಬೇಕು ಅಂತ ಕಿವಿ, ಕಣ್ಣನ್ನು ನಂಬಿ ನಿರ್ಧರಿಸಬಹುದು. ಮೊದಲು ಒಂದೊಂದು ತುಣುಕನ್ನೂ ರೆಂಡರ್ ಮಾಡಿ ನೋಡಬೇಕಿತ್ತು.

ಬದಲಾಗದೆ ಉಳಿದವೂ ಇವೆ. ವಿಂಡೋಸ್ ತೆರೆಯುವ ಸಮಯ ಅಷ್ಟೇ. ದೊಡ್ಡ ಫೈಲ್ ಕಾಪಿ ಅಷ್ಟೇ, ಅದು ಸಾಟಾ ಎಸ್‌ಎಸ್‌ಡಿಯ ಮಿತಿ. ಗೋಡೆಯ ಪ್ಲಗ್‌ನಲ್ಲಿ ಮೀಟರ್ ಇಟ್ಟು ನೋಡಿದರೆ ಪೂರ್ತಿ ಲೋಡ್‌ನಲ್ಲಿ ವಿದ್ಯುತ್ ಕೂಡ ಹೆಚ್ಚುಕಮ್ಮಿ ಮೊದಲಿನಷ್ಟೇ. ಕೆಲಸ ಬೇಗ ಮುಗಿಯುತ್ತದೆ, ಅದೊಂದೇ ಉಳಿತಾಯ.

ಒಂದು ಹೊಸ ಕಿರಿಕಿರಿ ಬಂತು. 5600 ಸುಮ್ಮನಿರುವಾಗಲೂ ಚಿಕ್ಕ ಕೆಲಸ ಬಂದರೆ ಕ್ಷಣಮಾತ್ರ 4.4ಕ್ಕೆ ಜಿಗಿಯುತ್ತದೆ, ತಾಪ 40ರಿಂದ 55ಕ್ಕೆ ಹಾರಿ ಇಳಿಯುತ್ತದೆ. ಅದರ ಹಿಂದೆಯೇ ಫ್ಯಾನ್ ಏರಿಳಿಯುತ್ತಾ ಉಸಿರಾಡಿದ ಹಾಗೆ ಸದ್ದು. ಬಯಾಸ್‌ನ ಫ್ಯಾನ್ ಕರ್ವ್‌ನಲ್ಲಿ 60 ಡಿಗ್ರಿವರೆಗೆ ಶೇ 35ರಲ್ಲಿ ಸಮವಾಗಿ ಇಟ್ಟೆ, ಅಲ್ಲಿಂದ ಮೇಲೆ ಮಾತ್ರ ಏರಿಕೆ. ಸದ್ದು ನಿಂತಿತು. ಪೂರ್ತಿ ಲೋಡ್‌ನಲ್ಲಿ 79 ಡಿಗ್ರಿ, ಈ ಚಿಪ್‌ಗೆ ಮಿತಿ 90.

ಈಗ ಕರ್ವ್ ಆಪ್ಟಿಮೈಸರ್‌ನಲ್ಲಿ (ಕೋರ್‌ಗೆ ಕೊಡುವ ವೋಲ್ಟೇಜ್ ಇಳಿಸುವ ಬಯಾಸ್ ಸೆಟ್ಟಿಂಗ್) ಎಲ್ಲಾ ಕೋರ್‌ಗೆ ಮೈನಸ್ 15 ಇಟ್ಟು ನೋಡುತ್ತಿದ್ದೇನೆ. ಅದೇ ಲೋಡ್‌ನಲ್ಲಿ ತಾಪ 74ಕ್ಕೆ ಇಳಿದಿದೆ. ಮೈನಸ್ 20ರಲ್ಲಿ, ಒಂದೊಂದೇ ಕೋರ್ ಪರೀಕ್ಷಿಸುವ ಕೋರ್‌ಸೈಕ್ಲರ್ ಒಂದು ಕೋರ್‌ನಲ್ಲಿ ದೋಷ ಹಿಡಿಯಿತು. ಆ ಕೋರ್‌ಗೆ ಮಾತ್ರ ಮೈನಸ್ 10 ಕೊಟ್ಟು ಉಳಿದವನ್ನು ಇನ್ನೂ ಇಳಿಸಬಹುದಾ ಅಂತ ರಾತ್ರಿ ಹೊತ್ತು ಒಂದೊಂದೇ ಕೋರ್ ಪರೀಕ್ಷೆಗೆ ಬಿಡುತ್ತಿದ್ದೇನೆ.